ಬಲೆ ಬಿಡುವ ಹೊತ್ತು ಹೇಳುವವರು ಯಾರು?

ಮೀನಿನ ಪ್ರಶ್ನೋತ್ತರಕ್ಕೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಾಲ್ಮನ್ ಬಗ್ಗೆ. ಅಲಾಸ್ಕದಲ್ಲಿ ನದಿ ಏರುವ ಮೀನನ್ನು ಎಣಿಸಿ, ಆ ಲೆಕ್ಕದ ಮೇಲೆ ದಿನದಿನಕ್ಕೂ ಮೀನುಗಾರಿಕೆ ತೆರೆಯುತ್ತಾರೆ, ಮುಚ್ಚುತ್ತಾರೆ ಎಂದು ಕಳೆದ ಸಂಚಿಕೆಯಲ್ಲಿ ಎರಡು ಸಾಲು ಬರೆದಿದ್ದೆವು. ಅದನ್ನು ಬಿಡಿಸಿ ಹೇಳಿ ಎಂದು ಮುಂಬೈ, ಪುಣೆ, ಗೋವಾದ ಓದುಗರು ಕೇಳಿದ್ದಾರೆ.

ಪ್ರಶ್ನೆ: ನಮ್ಮದು ಘಾಟ್ಕೋಪರಿನಲ್ಲಿ ಮೀನೂಟದ ಹೋಟೆಲು. ಮೆನುವಿನಲ್ಲಿ ರಾವಸಕ್ಕೆ ‘ಇಂಡಿಯನ್ ಸಾಲ್ಮನ್’ ಎಂದು ಹಾಕಿದ್ದೇವೆ. ಗಿರಾಕಿಯೊಬ್ಬರು ಇದು ಸಾಲ್ಮನ್ನೇ ಅಲ್ಲ ಎಂದು ವಾದಿಸಿದರು. ಯಾರು ಸರಿ?
(ಹೋಟೆಲ್ ಮಾಲೀಕರು, ಘಾಟ್ಕೋಪರ್)

ಉತ್ತರ: ಗಿರಾಕಿ ಸರಿ. ರಾವಸ ಬೇರೆ ವಂಶದ ಮೀನು. ಇಡೀ ಮೀನು ಕೈಗೆ ಬಂದಾಗ ಎರಡು ಕಡೆ ನೋಡಿ. ರಾವಸದ ಎದೆಯ ರೆಕ್ಕೆಯ ಬುಡದಲ್ಲಿ, ಕತ್ತಿನ ಕೆಳಗೆ, ದಾರದಂಥ ನಾಲ್ಕು ಎಳೆಗಳು ಜೋತಾಡುತ್ತಿರುತ್ತವೆ. ಕೆಸರು ನೀರಿನಲ್ಲಿ ತಡಕಾಡಿ ಆಹಾರ ಹುಡುಕಲು ಅದಕ್ಕೆ ಅವೇ ಬೆರಳು. ಸಾಲ್ಮನ್‌ಗೆ ಈ ಎಳೆಗಳಿಲ್ಲ. ಅದರ ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಕಿರುಬೆರಳ ತುದಿಯಷ್ಟು ಮೆತ್ತನೆಯ, ಮುಳ್ಳಿಲ್ಲದ ಪುಟ್ಟ ರೆಕ್ಕೆಯೊಂದಿರುತ್ತದೆ. ರಾವಸದಲ್ಲಿ ಅದು ಕಾಣುವುದಿಲ್ಲ. ತುಂಡು ಮಾಡಿದ ಮೇಲಾದರೆ ಬಣ್ಣವೇ ಹೇಳುತ್ತದೆ: ರಾವಸದ ಮಾಂಸ ಬಿಳಿ, ಸಾಲ್ಮನ್‌ನದು ಕಿತ್ತಳೆ ಅಥವಾ ಕೆಂಪು. ಮುಂಬೈಗೆ ಐಸಿನಲ್ಲಿ ಬರುವ ಸಾಲ್ಮನ್ ಹೆಚ್ಚಾಗಿ ನಾರ್ವೆಯ ಕಡಲ ಪಂಜರಗಳಲ್ಲಿ ಸಾಕಿದ್ದು. ಕೆಳಗಿನ ಉತ್ತರಗಳಲ್ಲಿ ಬರುವುದು ಅದಲ್ಲ, ಪೆಸಿಫಿಕ್ ಕಡಲಿನ ಕಾಡು ಸಾಲ್ಮನ್.

ಮೆನುವಿನಲ್ಲಿ ರಾವಸ ಎಂದೇ ಬರೆಯಿರಿ, ಆ ಹೆಸರಿಗೆ ಮುಂಬೈಯಲ್ಲಿ ಯಾವ ಕೊರತೆಯೂ ಇಲ್ಲ. ಹೋಟೆಲಿನವರು ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ಈ ಮೀನು ಮೊದಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಹಾಗಾಗಿ ದೊಡ್ಡ ರಾವಸವೇ ಬೇಕು ಎಂದು ಹಟ ಹಿಡಿದಷ್ಟೂ ನಾವು ಆರಿಸಿ ಆರಿಸಿ ತಾಯಿಮೀನನ್ನೇ ತೆಗೆಯುತ್ತೇವೆ. ಚಿಕ್ಕದನ್ನೇ ತೆಗೆದರೆ ಹೆಣ್ಣಾಗುವವರೆಗೆ ಉಳಿಯುವ ಮೀನೇ ಇರುವುದಿಲ್ಲ. ನಡುವಿನ ಗಾತ್ರವನ್ನೂ ಒಪ್ಪಿಕೊಳ್ಳಿ, ತೀರಾ ಚಿಕ್ಕದನ್ನು ವಾಪಸು ಕಳಿಸಿ.

ಪ್ರಶ್ನೆ: ಮಗಳು ಅಲಾಸ್ಕದ ಬ್ರಿಸ್ಟಲ್ ಬೇಯ ವಿಡಿಯೊ ತೋರಿಸಿದಳು. ನದಿ ದಂಡೆಯ ಅಟ್ಟಣೆ ಮೇಲೆ ಒಬ್ಬರು ಕೂತು ಕೈಯಲ್ಲೊಂದು ಗುಂಡಿ ಒತ್ತುತ್ತಾ ಮೀನು ಎಣಿಸುತ್ತಾರೆ. ಲಕ್ಷಗಟ್ಟಲೆ ಮೀನನ್ನು ಹಾಗೆ ಎಣಿಸಲು ಆಗುತ್ತದೆಯೇ?
(ಓದುಗರು, ಹಡಪ್ಸರ್, ಪುಣೆ)

ಉತ್ತರ: ಆಗುತ್ತದೆ. ಆ ಕ್ರಮ ಎಷ್ಟೋ ದಶಕಗಳಿಂದ ನಡೆದುಬಂದಿದೆ.

ಅಲ್ಲಿ ಏರುವುದು ಸಾಕೈ ಎಂಬ ಕೆಂಪು ಸಾಲ್ಮನ್. ಸರೋವರವಿರುವ ನದಿಯಲ್ಲಿ ಹುಟ್ಟಿ, ಒಂದೆರಡು ವರ್ಷ ಸಿಹಿನೀರಿನಲ್ಲಿ ಬೆಳೆದು, ಕಡಲಿಗೆ ಹೋಗಿ ಎರಡು ಮೂರು ವರ್ಷ ಮೇದು, ಹುಟ್ಟಿದ ನೀರಿನ ವಾಸನೆ ಹಿಡಿದು ಅದೇ ನದಿಗೆ ಮರಳುತ್ತದೆ. ಮೊಟ್ಟೆ ಇಟ್ಟು ಸಾಯುತ್ತದೆ. ನದಿ ಏರುವಾಗ ಅದು ನಡುಹೊಳೆಯ ಸೆಳೆತ ತಪ್ಪಿಸಿ ದಂಡೆಯ ಪಕ್ಕದ ನಿಧಾನ ನೀರಿನಲ್ಲಿ ಸಾಲುಗಟ್ಟಿ ಹೋಗುತ್ತದೆ. ನೀರು ತಿಳಿಯಾಗಿದ್ದರೆ ಮೇಲಿನಿಂದ ಒಂದೊಂದು ಮೀನೂ ಕಾಣುತ್ತದೆ. ಈ ಎರಡು ಗುಣಗಳೇ ಎಣಿಕೆಗೆ ಆಧಾರ.

ಎರಡು ದಂಡೆಯಲ್ಲೂ ಒಂದೊಂದು ಅಟ್ಟಣೆ. ನೀರಿನ ತಳ ಕಪ್ಪಾಗಿದ್ದಲ್ಲಿ ಮಸುಕು ಬಿಳಿಯ ಹಲಗೆ ಹಾಸುತ್ತಾರೆ, ಅದರ ಮೇಲೆ ಹಾದ ಮೀನು ನೆರಳಿನಂತೆ ಎದ್ದು ಕಾಣುತ್ತದೆ. ನೀರಿನ ಮೇಲಿನ ಹೊಳಪು ಕಳೆಯಲು ಪೋಲರೈಸ್ಡ್ ಕನ್ನಡಕ, ರಾತ್ರಿಗೆ ದೀಪ. ಪ್ರತಿ ಗಂಟೆಗೆ ಈ ದಂಡೆಯಲ್ಲಿ 10 ನಿಮಿಷ, ಆ ದಂಡೆಯಲ್ಲಿ 10 ನಿಮಿಷ ಎಣಿಕೆ, ದಿನದ 24 ಗಂಟೆಯೂ. ಕೆಳಮುಖವಾಗಿ ಹಿಂತಿರುಗಿದ ಮೀನನ್ನು ಕಳೆಯಬೇಕು. ಹತ್ತು ನಿಮಿಷಕ್ಕೆ ಎಡದಂಡೆಯಲ್ಲಿ 420, ಬಲದಂಡೆಯಲ್ಲಿ 180 ಬಂತು ಎಂದಿಟ್ಟುಕೊಳ್ಳಿ. ಆರರಿಂದ ಗುಣಿಸಿದರೆ ಆ ಗಂಟೆಯ ಲೆಕ್ಕ 2,520 ಮತ್ತು 1,080, ಒಟ್ಟು 3,600. ಒಂದೇ ಗಂಟೆಯ ಲೆಕ್ಕ ತಪ್ಪಿರಬಹುದು. ಆದರೆ ಹಗಲೂ ರಾತ್ರಿ ಬಿಡದೆ ತಿಂಗಳು ಎಣಿಸಿದಾಗ ಹೆಚ್ಚೂ ಕಡಿಮೆಯೂ ಒಂದನ್ನೊಂದು ಸರಿದೂಗಿಸುತ್ತವೆ. ಒಂದು ಪಾಳಿ ತಪ್ಪಿಸಿದರೆ ಮಾತ್ರ ಕಷ್ಟ, ಏಕೆಂದರೆ ಮೀನು ಸಮನಾಗಿ ಹರಿಯುವುದಿಲ್ಲ. ಕಡಲಲ್ಲಿ ಉಬ್ಬರ ಬಂದ ಮೇಲೆ ಗುಂಪುಗುಂಪಾಗಿ ನುಗ್ಗುತ್ತದೆ.

ನೀರು ಕಲಕಿದ್ದರೆ ಅಥವಾ ಹೊಳೆ ಅಗಲವಾಗಿದ್ದರೆ ಅಟ್ಟಣೆ ನಡೆಯುವುದಿಲ್ಲ. ಅದೇ ಬ್ರಿಸ್ಟಲ್ ಬೇಯ ನುಶಗಾಕ್ ನದಿಯಲ್ಲಿ ಸೋನಾರ್ ಇಟ್ಟಿದ್ದಾರೆ. ದಂಡೆಯ ಪಕ್ಕ ನೀರೊಳಗೆ ಯಂತ್ರ ಕೂರಿಸಿ ಶಬ್ದದ ಕಿರಣವನ್ನು ಹೊಳೆಗೆ ಅಡ್ಡಲಾಗಿ ಬಿಡುತ್ತಾರೆ. ಡಿಡ್‌ಸನ್, ಆರಿಸ್ ಎಂಬ ಈಗಿನ ಯಂತ್ರಗಳಲ್ಲಿ ಮೀನು ಹೊಟ್ಟೆಯೊಳಗಿನ ಮಗುವಿನ ಸ್ಕ್ಯಾನಿನಂತೆ ಬೂದು ಚಿತ್ರವಾಗಿ ಬಾಲ ಆಡಿಸುತ್ತಾ ಹೋಗುವುದು ಕಾಣುತ್ತದೆ. ಯಂತ್ರದ ಮೂತಿಗೆ ತೀರಾ ಹತ್ತಿರ ಹಾದ ಮೀನು ಕಿರಣಕ್ಕೆ ಸಿಗುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಸಣ್ಣ ಬೇಲಿ ಕಟ್ಟಿ ಮೀನನ್ನು ಕೊಂಚ ಆಚೆಗೆ ಸರಿಸುತ್ತಾರೆ.

ಸೋನಾರ್‌ನ ದೊಡ್ಡ ಕೊರತೆ, ಅದು ಜಾತಿ ಹೇಳುವುದಿಲ್ಲ. ಸಾಕೈ ಜೊತೆಗೆ ಕಿಂಗ್, ಚಮ್, ಪಿಂಕ್ ಸಾಲ್ಮನ್‌ಗಳೂ ಒಟ್ಟಿಗೇ ಏರುತ್ತಿರುತ್ತವೆ. ಆದ್ದರಿಂದ ಸೋನಾರ್ ಹತ್ತಿರವೇ ಬೇರೆ ಬೇರೆ ಕಣ್ಣಿನ ಬಲೆಗಳನ್ನು ತೇಲಿಬಿಟ್ಟು ಯಾವ ಜಾತಿ ನೂರಕ್ಕೆ ಎಷ್ಟು ಎಂದು ನೋಡಿ ಒಟ್ಟು ಲೆಕ್ಕವನ್ನು ಹಂಚುತ್ತಾರೆ. ಒಂದೇ ಅಳತೆಯ ಕಣ್ಣಿನ ಬಲೆ ಹಾಕಿದರೆ ಲೆಕ್ಕ ಕೆಟ್ಟಿತು. ದೊಡ್ಡ ಕಣ್ಣಿನಲ್ಲಿ ಪಿಂಕ್ ನುಸುಳಿಹೋಗುತ್ತದೆ, ಸಣ್ಣ ಕಣ್ಣಿಗೆ ಕಿಂಗ್ ತಲೆಯೇ ತೂರುವುದಿಲ್ಲ.

ಚಿಕ್ಕ ಹೊಳೆಗಳಲ್ಲಿ ಸರಳುಗಳ ಬೇಲಿಯನ್ನೇ ಅಡ್ಡ ಕಟ್ಟಿ, ಒಂದು ಗಂಡಿ ಬಿಟ್ಟು, ಅದರಲ್ಲಿ ಹಾಯುವ ಮೀನನ್ನು ಒಂದೊಂದಾಗಿ ಎಣಿಸುವುದೂ ಉಂಟು. ಎಲ್ಲಕ್ಕಿಂತ ಖಚಿತ ಅದೇ, ಜೋರು ನೆರೆಯಲ್ಲಿ ಕೊಚ್ಚಿಹೋಗುವುದೂ ಅದೇ.

ಪ್ರಶ್ನೆ: ನಾನು ಭಾವುಚಾ ಧಕ್ಕೆಯಲ್ಲಿ ಟ್ರಾಲ್ ಬೋಟಿನ ತಾಂಡೇಲ, ಊರು ಭಟ್ಕಳ. ಅಲ್ಲಿ ಎಂಟು ಗಂಟೆ ಮೀನುಗಾರಿಕೆ ತೆರೆದು ಮತ್ತೆ ಮುಚ್ಚುತ್ತಾರಂತೆ. ಅಷ್ಟರಲ್ಲಿ ಡೀಸೆಲ್ ಖರ್ಚು ಹುಟ್ಟುತ್ತದೆಯೇ? ಹೊತ್ತು ಗೊತ್ತು ಮಾಡುವವರು ಯಾರು?
(ತಾಂಡೇಲರು, ಮುಂಬೈ)

ಉತ್ತರ: ಅಲಾಸ್ಕ ರಾಜ್ಯದ ಮೀನು ಮತ್ತು ಬೇಟೆ ಇಲಾಖೆಯ ಆ ವಲಯದ ಜೀವಶಾಸ್ತ್ರಜ್ಞರು. ರಾಜಧಾನಿಯಿಂದ ಕಡತ ಬರುವವರೆಗೆ ಕಾಯುವ ಪದ್ಧತಿ ಇಲ್ಲ. ಅವರು ಹೊರಡಿಸುವ ತುರ್ತು ಆದೇಶಕ್ಕೆ ಕಾನೂನಿನ ಬಲವಿದೆ. ಇಂಥ ಜಿಲ್ಲೆ, ಇಂಥ ದಿನ, ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರವರೆಗೆ ಎಂದು ರೇಡಿಯೊದಲ್ಲಿ ಸಾರುತ್ತಾರೆ. ಮುಚ್ಚುವ ಹೊತ್ತು ಎಂದರೆ ಬಲೆ ಎಳೆಯಲು ಶುರುಮಾಡುವ ಹೊತ್ತಲ್ಲ. ಆ ನಿಮಿಷಕ್ಕೆ ಬಲೆ ಪೂರ್ತಿ ನೀರಿನಿಂದ ಮೇಲೆ ಬಂದಿರಬೇಕು, ಇಲ್ಲವಾದರೆ ದಂಡ.

ಅವರ ಮುಂದಿರುವ ಮುಖ್ಯ ಅಂಕಿ ಹಿಡಿದ ಮೀನಿನದಲ್ಲ, ಬಲೆ ದಾಟಿ ನದಿ ಏರಿದ ಮೀನಿನದು. ಅಲ್ಲಿನವರು ಅದಕ್ಕೆ ‘ಎಸ್ಕೇಪ್‌ಮೆಂಟ್’ ಎನ್ನುತ್ತಾರೆ, ನಾವು ಏರುಮೀನು ಎಂದುಕೊಳ್ಳೋಣ. ಪ್ರತಿ ನದಿಗೂ ಇಷ್ಟರಿಂದ ಇಷ್ಟು ಏರುಮೀನು ಬೇಕು ಎಂಬ ಗುರಿ ಇದೆ. ನಕ್ನೆಕ್ ನದಿಗೆ 8 ಲಕ್ಷದಿಂದ 20 ಲಕ್ಷ, ಕ್ವಿಜಾಕ್ ನದಿಗೆ 20 ಲಕ್ಷದಿಂದ 1 ಕೋಟಿ ಸಾಕೈ. ಕೆಳಮಿತಿ ಏಕೆಂದು ನಿಮಗೆ ಹೇಳಬೇಕಿಲ್ಲ. ಮೇಲ್ಮಿತಿ ಏಕೆಂದರೆ ಸರೋವರದಲ್ಲಿ ಮರಿಗಳಿಗೆ ಸಿಗುವ ಸೂಕ್ಷ್ಮ ಜೀವಿಗಳ ಆಹಾರ ಇಷ್ಟೇ ಎಂದಿದೆ. ಲೆಕ್ಕ ಮೀರಿ ಮೀನು ಏರಿದರೆ ಮೊಟ್ಟೆ ಇಟ್ಟ ಗುಂಡಿಯನ್ನೇ ಇನ್ನೊಂದು ಮೀನು ಕೆದಕುತ್ತದೆ, ಹುಟ್ಟಿದ ಮರಿಗಳಿಗೆ ಮೇವು ಸಾಲುವುದಿಲ್ಲ. ಹಾಗಾಗಿ ಮೀನು ಧಾರಾಳವಾಗಿ ಏರುತ್ತಿದ್ದರೆ ಹೊತ್ತು ಹೆಚ್ಚಿಸಿ ಬೋಟುಗಳಿಗೆ ಬಿಡುವುದೂ ಅವರ ಕೆಲಸವೇ.

ಒಂದು ದಿನದ ತೀರ್ಮಾನ ಹೇಗೆ ಆಗುತ್ತದೆ ನೋಡಿ. ಈ ನದಿಗಳ ಅಳಿವೆಯಿಂದ ನೂರಾರು ಕಿಲೊಮೀಟರ್ ಆಚೆ, ಪೋರ್ಟ್ ಮೊಲರ್ ಎಂಬಲ್ಲಿ, ಕಡಲಿಗೆ ಅಡ್ಡಗೆರೆ ಎಳೆದಂತೆ ಗೊತ್ತುಮಾಡಿದ ಜಾಗಗಳಲ್ಲಿ ಪರೀಕ್ಷಾ ದೋಣಿಗಳು ಬಲೆ ಹಾಕುತ್ತವೆ. ಅಲ್ಲಿ ಸಿಕ್ಕ ಮೀನು ಕೊಲ್ಲಿ ತಲುಪಲು ಒಂದು ವಾರದ ಆಸುಪಾಸು ಬೇಕು. ಬಲೆಯ ಉದ್ದಕ್ಕೂ ನೀರಲ್ಲಿದ್ದ ಹೊತ್ತಿಗೂ ಇಷ್ಟು ಮೀನು ಎಂಬ ದರ, ಹುರುಪೆಯಿಂದ ವಯಸ್ಸು, ರೆಕ್ಕೆಯ ಚೂರಿನಿಂದ ಅದು ಯಾವ ನದಿಯ ಮೀನು ಎಂಬ ವಂಶವಾಹಿ ಪರೀಕ್ಷೆ, ಮೂರೂ ಬರುತ್ತವೆ. ಇದು ಮುಂದಿನ ವಾರದ ಸುದ್ದಿ. ಇವತ್ತಿನ ಸುದ್ದಿ ಬೋಟುಗಳ ಹಿಡಿತದ ವರದಿ. ಅಟ್ಟಣೆಯದು ಹಳೆಯ ಸುದ್ದಿ, ಏಕೆಂದರೆ ಬಲೆ ದಾಟಿದ ಮೀನು ಅಲ್ಲಿಗೆ ಏರಲು ದಿನಗಳೇ ಬೇಕು. ಮೂರನ್ನೂ ಪಕ್ಕಪಕ್ಕ ಇಟ್ಟು, ಹಿಂದಿನ ವರ್ಷಗಳಲ್ಲಿ ಈ ತಾರೀಖಿಗೆ ಎಷ್ಟು ಏರಿತ್ತು ಎಂಬ ಗೆರೆಯೊಂದಿಗೆ ಹೋಲಿಸುತ್ತಾರೆ. ಗೆರೆಗಿಂತ ಹಿಂದಿದ್ದರೆ ಮುಚ್ಚುತ್ತಾರೆ ಅಥವಾ ಇಳಿಸುತ್ತಾರೆ, ಮುಂದಿದ್ದರೆ ಹೊತ್ತು ಬೆಳೆಸುತ್ತಾರೆ. ಏರುವಿಕೆಯ ತುದಿ ಸಾಮಾನ್ಯವಾಗಿ ಜುಲೈ ಮೊದಲ ವಾರ. ಆ ದಿನಗಳಲ್ಲಿ ಬೆಳಿಗ್ಗೆ ಹೊರಟ ಆದೇಶ ಸಂಜೆಗೆ ತಿದ್ದುಪಡಿಯಾಗುವುದು ಮಾಮೂಲು. ಹೊತ್ತನ್ನಲ್ಲದೆ ಜಾಗವನ್ನೂ ಕುಗ್ಗಿಸಬಹುದು: ಒಂದು ನದಿಗೆ ಮೀನು ಸಾಲದಿದ್ದರೆ ಜಿಲ್ಲೆಯ ಗಡಿ ಎಳೆದು ಬೋಟುಗಳನ್ನು ಪಕ್ಕದ ನದಿಯ ಅಳಿವೆಗಷ್ಟೇ ಬಿಡುತ್ತಾರೆ.

ಡೀಸೆಲ್ ಪ್ರಶ್ನೆಗೆ ಬರೋಣ. ಖರ್ಚು ಹುಟ್ಟುತ್ತದೆ, ಎರಡು ಕಾರಣಕ್ಕೆ. ಮೀನು ಅಳಿವೆಗೆ ತಾನೇ ಬರುತ್ತದೆ, ಹುಡುಕಿ ಅಲೆಯಬೇಕಿಲ್ಲ. ಮತ್ತೆ, ಬೋಟಿನ ಸಂಖ್ಯೆಗೆ ಕಟ್ಟು ಹಾಕಿದ್ದಾರೆ. 1973ರ ಕಾನೂನಿನಿಂದ ಹೊಸ ಪರವಾನಗಿ ನಿಲ್ಲಿಸಿದರು, ಹೊಸಬರು ಹಳೆಯದನ್ನು ಕೊಂಡೇ ಬರಬೇಕು. ಬ್ರಿಸ್ಟಲ್ ಬೇಯಲ್ಲಿ ಬೋಟು 32 ಅಡಿ ದಾಟುವಂತಿಲ್ಲ, ಒಂದು ಪರವಾನಗಿಯ ತೇಲುಬಲೆ 150 ಮಾರು, ಅಂದರೆ ಸುಮಾರು 274 ಮೀಟರ್ ಮೀರುವಂತಿಲ್ಲ. ಈ ಕಟ್ಟುಗಳ ಒಳಗೇ 2022ರಲ್ಲಿ ಅಲ್ಲಿಗೆ 7.9 ಕೋಟಿ ಸಾಕೈ ಬಂತು, 6 ಕೋಟಿಯಷ್ಟು ಬೋಟುಗಳ ಪಾಲಾಯಿತು, ನದಿಗಳ ಪಾಲೂ ತುಂಬಿತು. ಇಂಜಿನ್ನಿನ ಶಕ್ತಿಗೆ ಮಿತಿಯಿಲ್ಲದ, ಬೋಟಿನ ಸಂಖ್ಯೆಗೆ ಮಿತಿಯಿಲ್ಲದ ಬಂದರಿನಲ್ಲಿ ಗಂಟೆ ಕಡಿಮೆ ಮಾಡಿದರೆ ಅಷ್ಟು ಗಂಟೆಯಲ್ಲೇ ಎಲ್ಲರೂ ಮುಗಿಬೀಳುತ್ತಾರೆ ಅಷ್ಟೆ, ಮೀನು ಉಳಿಯುವುದಿಲ್ಲ.

ಪ್ರಶ್ನೆ: ಲೆಕ್ಕ ತಪ್ಪಿದರೆ? ಬ್ಯಾಂಕಿನಲ್ಲಿ ತಪ್ಪಿದ ಲೆಕ್ಕವನ್ನು ಸಂಜೆಗೆ ಹಿಡಿಯಬಹುದು, ಹಿಡಿದ ಮೀನನ್ನು ವಾಪಸು ಬಿಡಲಾಗದಲ್ಲ.
(ನಿವೃತ್ತ ಬ್ಯಾಂಕ್ ನೌಕರರು, ವಾಶಿ, ನವಿ ಮುಂಬೈ)

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಈ ಕೆಲಸದಲ್ಲಿ ನಿದ್ದೆ ಕೆಡಿಸುವುದು ಇದೇ.

ಮೊದಲ ಅಪಾಯ, ಮೀನು ತಡವಾಗಿ ಬರುತ್ತಿದೆಯೋ ಕಡಿಮೆ ಬರುತ್ತಿದೆಯೋ ತಿಳಿಯದಿರುವುದು. ನಿಮ್ಮ ಲೆಕ್ಕದ ಭಾಷೆಯಲ್ಲೇ ಹೇಳುತ್ತೇವೆ. ಒಂದು ತಾರೀಖಿಗೆ ವಾಡಿಕೆಯಂತೆ ನೂರಕ್ಕೆ 30 ಪಾಲು ಮೀನು ಬಂದಿರಬೇಕು. ಬಂದದ್ದು 3 ಲಕ್ಷ. ಹಾಗಾದರೆ ಋತುವಿನ ಒಟ್ಟು 10 ಲಕ್ಷ. ಆದರೆ ಆ ವರ್ಷ ಕಡಲು ತಣ್ಣಗಿದ್ದು ಮೀನು ಕೆಲವು ದಿನ ತಡ ಮಾಡಿದ್ದರೆ, ಬಂದಿರುವುದು ನೂರಕ್ಕೆ 15 ಪಾಲು ಮಾತ್ರ. ಒಟ್ಟು 20 ಲಕ್ಷ! ಒಂದೇ 3 ಲಕ್ಷ, ಎರಡು ಅರ್ಥ. ಕಡಿಮೆ ಎಂದುಕೊಂಡು ಮುಚ್ಚಿದರೆ ಮೀನುಗಾರನ ವರ್ಷದ ದುಡಿಮೆ ನದಿ ಸೇರುತ್ತದೆ. ತಡ ಎಂದುಕೊಂಡು ತೆರೆದರೆ ಬೀಜಕ್ಕೇ ಕೊಡಲಿ. ಇಲ್ಲಿ ವಯಸ್ಸಿನ ಲೆಕ್ಕ ಸಹಾಯಕ್ಕೆ ಬರುತ್ತದೆ. ಕಡಲಲ್ಲಿ ಎರಡು ಚಳಿಗಾಲ ಕಳೆದ ಮೀನು ಎಷ್ಟು, ಮೂರು ಕಳೆದದ್ದು ಎಷ್ಟು ಎಂದು ಮುನ್ನಂದಾಜಿನೊಂದಿಗೆ ಹೋಲಿಸಿದಾಗ, ಒಂದು ವಯಸ್ಸಿನ ಗುಂಪು ಮಾತ್ರ ಕಾಣೆಯಾಗಿದ್ದರೆ ಅದು ಕಡಿಮೆಯಾದದ್ದು. ಎಲ್ಲ ವಯಸ್ಸೂ ಸಮನಾಗಿ ಹಿಂದಿದ್ದರೆ ತಡವಾಗಿರುವ ಸಾಧ್ಯತೆ ಹೆಚ್ಚು. ಆದರೂ ಅನುಮಾನವಿದ್ದರೆ ಮುಚ್ಚಿ ಕಾಯುವುದೇ ಸರಿ. ತೆರೆಯಲು ನಾಳೆ ಇದೆ.

ಎರಡನೆಯದು, ಮುನ್ನಂದಾಜನ್ನೇ ನಂಬಿ ಕೂರುವುದು. ಕೆನಡದ ಫ್ರೇಸರ್ ನದಿಗೆ 2009ರಲ್ಲಿ 1 ಕೋಟಿಗೂ ಮೇಲೆ ಸಾಕೈ ಬರುತ್ತದೆಂಬ ಅಂದಾಜಿತ್ತು. ಬಂದದ್ದು 15 ಲಕ್ಷದ ಆಸುಪಾಸು. ಮರುವರ್ಷ ಎರಡೂವರೆ ಕೋಟಿಗೂ ಮೇಲೆ ಬಂತು! ಅಲ್ಲಿ ಋತುವಿನುದ್ದಕ್ಕೂ ಪರೀಕ್ಷಾ ಬಲೆ, ಮಿಷನ್ ಎಂಬ ಊರಿನ ಬಳಿ ಸೋನಾರ್, ಅಮೆರಿಕ ಮತ್ತು ಕೆನಡ ಎರಡೂ ದೇಶದವರು ಕೂತು ವಾರದಲ್ಲಿ ಮತ್ತೆ ಮತ್ತೆ ಲೆಕ್ಕ ತಿದ್ದುವ ಮಂಡಳಿ, ಎಲ್ಲ ಇರುವುದು ಈ ಕಾರಣಕ್ಕೇ. ಅಂದಾಜಿನ ಮೇಲೆ ಇಡೀ ಋತುವನ್ನು ಮೊದಲೇ ತೆರೆದಿಟ್ಟಿದ್ದರೆ 2009ರಲ್ಲಿ ಏನಾಗುತ್ತಿತ್ತು ಯೋಚಿಸಿ.

ಮೂರನೆಯದು ಹೆಚ್ಚು ಸಂಕಟದ್ದು. ಎಣಿಸಿದ ಮೀನೆಲ್ಲ ಮೊಟ್ಟೆ ಇಡುವ ಜಾಗ ತಲುಪುವುದಿಲ್ಲ. ಏರುವ ಸಾಲ್ಮನ್ ಊಟ ಬಿಟ್ಟಿರುತ್ತದೆ, ಮೈಯ ಕೊಬ್ಬೇ ಅದರ ಬುತ್ತಿ. ನೀರು 18 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬುತ್ತಿ ಬೇಗ ಕರಗುತ್ತದೆ, ರೋಗ ಹತ್ತುತ್ತದೆ. ಅಲಾಸ್ಕದಿಂದ ಕೆನಡದವರೆಗೆ ಚಾಚಿದ ಯೂಕಾನ್ ನದಿಯಲ್ಲಿ ಕೆಳಗಿನ ಸೋನಾರ್ ದಾಟಿದ ಕಿಂಗ್ ಸಾಲ್ಮನ್‌ಗಳಲ್ಲಿ ಹಲವು ಗಡಿ ಮುಟ್ಟುವ ಮೊದಲೇ ಹೀಗೆ ಕಾಣೆಯಾದವು. ಕೊನೆಗೆ 2024ರಲ್ಲಿ ಅಲಾಸ್ಕವೂ ಕೆನಡವೂ ಒಪ್ಪಂದ ಮಾಡಿಕೊಂಡು ಆ ನದಿಯ ಕಿಂಗ್ ಸಾಲ್ಮನ್ ಹಿಡಿಯುವುದನ್ನು 7 ವರ್ಷ, ಅಂದರೆ ಮೀನಿನ ಒಂದು ಇಡೀ ಆಯುಷ್ಯದ ಕಾಲ, ನಿಲ್ಲಿಸಿವೆ. ಗಡಿ ದಾಟುವ ಮೀನು ಮತ್ತೆ 71,000 ಆಗಬೇಕೆಂಬುದು ಗುರಿ. ಚಳಿಗಾಲಕ್ಕೆ ಮೀನು ಒಣಗಿಸಿಟ್ಟು ಬದುಕುತ್ತಿದ್ದ ನದಿ ದಂಡೆಯ ಮೂಲನಿವಾಸಿ ಹಳ್ಳಿಗಳು ಈಗ ಆ ಮೀನಿಲ್ಲದೆ ಇವೆ. ಲೆಕ್ಕ ತಪ್ಪಿದರೆ ಅದರ ಬೆಲೆ ತೆರುವವರು ಲೆಕ್ಕ ಬರೆದವರಲ್ಲ.

ಪ್ರಶ್ನೆ: ನಮ್ಮಲ್ಲೇಕೆ ಹೀಗೆ ಎಣಿಸಿ ತೆರೆಯುವುದಿಲ್ಲ? ಮೀನುಗಾರಿಕೆ ರಜೆಗೆ ಜೂನ್ 1ರಿಂದ ಜುಲೈ 31 ಎಂದು ಕಣ್ಣುಮುಚ್ಚಿ ತಾರೀಖು ಹಾಕುತ್ತಾರೆ. ಆಗಸ್ಟಿನಲ್ಲಿ ತಂದ ಬಂಗುಡೆಯಲ್ಲೂ ಮೊಟ್ಟೆ ಇರುತ್ತದೆ.
(ಓದುಗರು, ವಾಸ್ಕೊ, ಗೋವಾ)

ಉತ್ತರ: ನಿಮ್ಮ ಅಡುಗೆಮನೆಯ ಗಮನಿಕೆ ಸರಿಯಾಗಿಯೇ ಇದೆ. ಬಂಗುಡೆ ಮೊಟ್ಟೆ ಇಡುವುದು ಮಳೆಗಾಲದ ಉದ್ದಕ್ಕೂ ಚಾಚಿಕೊಂಡಿದೆ, ಜುಲೈ 31ಕ್ಕೆ ಮುಗಿಯುವುದಿಲ್ಲ.

ಆದರೆ ಸಾಲ್ಮನ್‌ಗೆ ಒಂದು ಬಾಗಿಲಿದೆ, ಅದು ನದಿಯ ಅಳಿವೆ. ಬಾಗಿಲಲ್ಲಿ ನಿಂತು ಎಣಿಸಬಹುದು. ಬಂಗುಡೆ, ಭೂತಾಯಿ, ಮಾಂಜಿ, ಅಂಜಲ್‌ಗೆ ಬಾಗಿಲೇ ಇಲ್ಲ, ಕಡಲಲ್ಲೇ ಹುಟ್ಟಿ ಕಡಲಲ್ಲೇ ಮೊಟ್ಟೆ ಇಡುತ್ತವೆ. ಜೊತೆಗೆ ನಮ್ಮ ಒಂದು ಟ್ರಾಲ್ ಎಳೆತದಲ್ಲಿ ಹತ್ತಾರು ಜಾತಿ ಒಟ್ಟಿಗೆ ಬರುತ್ತದೆ. ಬಂಗುಡೆಗೆ ಮುಚ್ಚಿ ಸಿಗಡಿಗೆ ತೆರೆ ಎಂದರೆ ಬಲೆಗೆ ಗೊತ್ತಾಗುವುದಿಲ್ಲ. ಆದ್ದರಿಂದ ಪಶ್ಚಿಮ ಕರಾವಳಿಗೆ 61 ದಿನದ ರಜೆ. ಗೋವಾ, ಕರ್ನಾಟಕ, ಮಹಾರಾಷ್ಟ್ರಕ್ಕೆ ಒಂದೇ ತಾರೀಖು ಇರುವುದರಿಂದ ಒಂದು ರಾಜ್ಯ ಮುಚ್ಚಿದಾಗ ಅಲ್ಲಿನ ಬೋಟು ಪಕ್ಕದ ರಾಜ್ಯದ ನೀರಿಗೆ ನುಗ್ಗುವುದು ತಪ್ಪುತ್ತದೆ. ಇಂಜಿನ್ನಿಲ್ಲದ ನಾಡದೋಣಿಗಳಿಗೆ ವಿನಾಯಿತಿ ಇದೆ. ಬಿರುಗಾಳಿಯ ಕಡಲಿನಿಂದ ಜೀವ ಉಳಿಯುವುದೂ ಸಣ್ಣ ಲಾಭವಲ್ಲ.

ನಮ್ಮಲ್ಲಿ ಎಣಿಕೆ ಇಲ್ಲವೆಂದಲ್ಲ, ಅದು ನಡೆಯುವುದು ಧಕ್ಕೆಯಲ್ಲಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಗೊತ್ತುಮಾಡಿದ ದಿನಗಳಲ್ಲಿ ಬಂದರಿಗೆ ಬಂದು, ಬೋಟುಗಳಲ್ಲಿ ಕೆಲವನ್ನು ಆರಿಸಿ, ಜಾತಿ, ತೂಕ, ಉದ್ದ ಬರೆದುಕೊಳ್ಳುತ್ತಾರೆ. ಅದರಿಂದ ಇಡೀ ಕರಾವಳಿಯ ಲೆಕ್ಕ ಕಟ್ಟುತ್ತಾರೆ. ಆದರೆ ಇದು ಸತ್ತ ಮೀನಿನ ಲೆಕ್ಕ, ಹಿಡಿದಾದ ಮೇಲೆ ಬರುವುದು. ಈ ವಾರ ತೆರೆಯಬೇಕೇ ಎಂಬ ಪ್ರಶ್ನೆಗೆ ಅದು ಉತ್ತರಿಸಲಾರದು.

ನಮಗೆ ತೋಚುವುದು ಇಷ್ಟು. 61 ದಿನದ ರಜೆ ಇರಲಿ, ಅದು ತಳಪಾಯ. ಅದರ ಮೇಲೆ ಜುಲೈ ಕೊನೆಯ ವಾರ, ಹವಾಮಾನ ಬಿಟ್ಟುಕೊಟ್ಟಾಗ, ಪ್ರತಿ ಜಿಲ್ಲೆಯಿಂದ ಕೆಲವೇ ದೋಣಿಗಳಿಗೆ ಪರೀಕ್ಷಾ ಬಲೆ ಹಾಕಲು ಹೇಳಬೇಕು. ಬಂದ ಮೀನಿನ ಉದ್ದ ಅಳೆದು, ಹೊಟ್ಟೆ ಸೀಳಿ ನೋಡಿ, ಮರಿ ಎಷ್ಟು, ಮೊಟ್ಟೆ ತುಂಬಿದ್ದು ಎಷ್ಟು ಎಂದು ಧಕ್ಕೆಯ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಮರಿಯೇ ಹೆಚ್ಚಿರುವ ನೀರನ್ನು ಇನ್ನೊಂದೆರಡು ವಾರ ಬಿಟ್ಟುಬಿಡಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಇನ್ನು ಬಲೆ: ಟ್ರಾಲ್ ಬಲೆಯ ತುದಿಚೀಲದ ಕಣ್ಣು ವಜ್ರಾಕಾರದ್ದಾದರೆ ಎಳೆತ ಬಿದ್ದಾಗ ಮುಚ್ಚಿಕೊಳ್ಳುತ್ತದೆ, ಕಾಗದದಲ್ಲಿ ಎಷ್ಟೇ ಅಳತೆ ಇದ್ದರೂ ಮರಿ ಹೊರಹೋಗದು. ಚೌಕ ಕಣ್ಣು ಎಳೆತದಲ್ಲೂ ತೆರೆದೇ ಇರುತ್ತದೆ. ಅದೊಂದನ್ನು ಬದಲಿಸಿಕೊಂಡರೂ ಆಗಸ್ಟಿನ ಮೊದಲ ವಾರ ಧಕ್ಕೆಗೆ ಬರುವ ಮರಿರಾಶಿ ಇಳಿಯುತ್ತದೆ.

ಪ್ರಶ್ನೆ: ಸಾಲ್ಮನ್ ಹಾಗೆ ಕಡಲಿನಿಂದ ಹೊಳೆ ಏರುವ ಮೀನು ನಮ್ಮಲ್ಲಿದೆಯೇ?
(ವಿದ್ಯಾರ್ಥಿನಿ, ಠಾಣೆ)

ಉತ್ತರ: ಇದೆ, ಹಿಲ್ಸ. ಮುಂಬೈ ಮಾರುಕಟ್ಟೆಯಲ್ಲಿ ಪಾಲಾ ಎನ್ನುತ್ತಾರೆ. ನಮ್ಮ ಕಡೆ ಅದಕ್ಕೆ ಹೆಸರಾದದ್ದು ಗುಜರಾತಿನ ಭರೂಚ್, ಅಲ್ಲಿ ಮಳೆಗಾಲದಲ್ಲಿ ನರ್ಮದೆಯನ್ನು ಏರುತ್ತದೆ. ಸಾಲ್ಮನ್‌ನಂತೆ ಮೊಟ್ಟೆ ಇಟ್ಟು ಸಾಯುವ ಮೀನಲ್ಲ, ಕಡಲಿಗೆ ಮರಳುತ್ತದೆ. ಸಾಲ್ಮನ್‌ನಂತೆ ಜಿಗಿಯುವ ಮೀನೂ ಅಲ್ಲ. ಅಮೆರಿಕದ ಕೊಲಂಬಿಯ ನದಿಯ ಬಾನವಿಲ್ ಅಣೆಕಟ್ಟಿನಲ್ಲಿ 1938ರಿಂದ ಮೀನಿಗೆಂದೇ ನೀರಿನ ಮೆಟ್ಟಿಲುಗಳಿವೆ. ಪಕ್ಕದ ಗಾಜಿನ ಕಿಟಕಿಯಲ್ಲಿ ಕೂತು ಹಾಯುವ ಮೀನನ್ನು ಎಣಿಸುತ್ತಾರೆ. ಹಿಲ್ಸಕ್ಕೆ ಅಂಥ ಮೆಟ್ಟಿಲು ಒಗ್ಗುವುದಿಲ್ಲ. ಗಂಗೆಗೆ 1975ರಲ್ಲಿ ಫರಕ್ಕಾ ಕಟ್ಟೆ ಬಂದ ಮೇಲೆ ಅದರ ಮೇಲ್ಭಾಗದಲ್ಲಿ ಹಿಲ್ಸ ಹೆಚ್ಚುಕಡಿಮೆ ಇಲ್ಲವಾಯಿತು. ಬಾಂಗ್ಲಾದೇಶದವರು ಆಶ್ವಯುಜದ ಹುಣ್ಣಿಮೆಯ ಆಸುಪಾಸು 22 ದಿನ ಹಿಲ್ಸ ಹಿಡಿಯುವುದನ್ನು ನಿಲ್ಲಿಸುತ್ತಾರೆ. 25 ಸೆಂಟಿಮೀಟರಿಗಿಂತ ಚಿಕ್ಕ ಹಿಲ್ಸಕ್ಕೆ ನವೆಂಬರಿನಿಂದ ಜೂನ್‌ವರೆಗೆ ನಿಷೇಧವಿದೆ. ಹುಣ್ಣಿಮೆಗೆ ಕಟ್ಟಿದ ರಜೆ, ಅಂದರೆ ಮೀನಿನ ಪಂಚಾಂಗಕ್ಕೇ ಕಟ್ಟಿದ ರಜೆ.

ಪ್ರಶ್ನೆ: ಅಂಗೈಯಷ್ಟೂ ಇಲ್ಲದ ಪಾಪ್ಲೆಟ್ ಅಗ್ಗಕ್ಕೆ ಸಿಗುತ್ತದೆ. ಕೊಳ್ಳಬಹುದೇ?
(ಗೃಹಿಣಿ, ಕಲ್ಯಾಣ್)

ಉತ್ತರ: ಬೇಡ. ಮಹಾರಾಷ್ಟ್ರ 2023ರಲ್ಲಿ 54 ಜಾತಿ ಮೀನಿಗೆ ಹಿಡಿಯಬಹುದಾದ ಕನಿಷ್ಠ ಉದ್ದ ಗೊತ್ತುಮಾಡಿದೆ. ಬಿಳಿ ಪಾಪ್ಲೆಟ್, ನಮ್ಮ ಮಾಂಜಿ, 135 ಮಿಲಿಮೀಟರಿಗಿಂತ ಚಿಕ್ಕದಿರಬಾರದು. ಅದೇ ವರ್ಷ ಆ ಮೀನನ್ನು ರಾಜ್ಯಮೀನು ಎಂದೂ ಸಾರಿದ್ದಾರೆ. ಮಕ್ಕಳ ಕಂಪಾಸಿನ 15 ಸೆಂಟಿಮೀಟರ್ ಅಡಿಪಟ್ಟಿ ಚೀಲದಲ್ಲಿರಲಿ, ಮೀನು ಅದರಷ್ಟುದ್ದವಾದರೂ ಇರಬೇಕು.

ಪ್ರಶ್ನೆ: ಪುಣೆಯಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಬಂಗುಡೆ ಯಾವಾಗ ಮೊಟ್ಟೆ ಇಡುತ್ತದೆ ಎಂದು ಮಾರುಕಟ್ಟೆಯ ಮೀನಿನಿಂದಲೇ ಕಂಡುಹಿಡಿಯಬಹುದೇ? ಸಾಲ್ಮನ್‌ನ ಹುರುಪೆ ನೋಡಿ ವಯಸ್ಸು ಹೇಳುವಂತೆ ಇದಕ್ಕೂ ಹೇಳಬಹುದೇ?
(ವಿದ್ಯಾರ್ಥಿ, ಪುಣೆ)

ಉತ್ತರ: ಮೊದಲನೆಯದು ಆಗುತ್ತದೆ, ಎರಡನೆಯದು ಕಷ್ಟ. ಸಾಲ್ಮನ್‌ನ ಹುರುಪೆಯನ್ನು ಎಡಮಗ್ಗುಲಿನಲ್ಲಿ, ಪಕ್ಕೆಗೆರೆಯಿಂದ ಎರಡು ಸಾಲು ಮೇಲೆ, ಬೆನ್ನುರೆಕ್ಕೆಯ ಹಿಂತುದಿಯಿಂದ ಗುದರೆಕ್ಕೆಯ ಮುಂತುದಿಗೆ ಎಳೆದ ಓರೆಗೆರೆಯ ಮೇಲೆ ಕೀಳುತ್ತಾರೆ. ಚಳಿಗಾಲದಲ್ಲಿ ಬೆಳವಣಿಗೆ ಕುಂಠಿತವಾಗಿ ಉಂಗುರಗಳು ಒತ್ತಾಗುತ್ತವೆ, ಅದೇ ವರ್ಷದ ಗುರುತು. 1.3 ಎಂದು ಬರೆದರೆ ಸಿಹಿನೀರಿನಲ್ಲಿ 1 ಚಳಿಗಾಲ, ಕಡಲಲ್ಲಿ 3. ಮೊಟ್ಟೆಯಾಗಿ ಕಳೆದ ಚಳಿಗಾಲವನ್ನೂ ಸೇರಿಸಿದರೆ ವಯಸ್ಸು 5. ನಮ್ಮ ಕಡಲಿಗೆ ಅಂಥ ಚಳಿಗಾಲವಿಲ್ಲ, ಬಂಗುಡೆಯ ಪುಟ್ಟ ಹುರುಪೆ ಬುಟ್ಟಿಯಲ್ಲೇ ಉದುರಿಹೋಗಿರುತ್ತದೆ. ವಯಸ್ಸು ಬೇಕಾದರೆ ಕಿವಿಯೊಳಗಿನ ಕಲ್ಲು ತೆಗೆದು ಉಜ್ಜಿ ನೋಡಬೇಕು, ಅದು ಪ್ರಯೋಗಾಲಯದ ಕೆಲಸ.

ಮೊಟ್ಟೆಯ ಲೆಕ್ಕಕ್ಕೆ ವಾರಕ್ಕೊಮ್ಮೆ ಗಣೇಶ ಪೇಠೆಯ ಮೀನು ಮಾರುಕಟ್ಟೆಗೆ ಹೋಗಿ, ಪ್ರತಿ ಸಲ 50 ಬಂಗುಡೆ ಕೊಳ್ಳಿ. ಗಾತ್ರಕ್ಕೆ ಆರಿಸಿ ಜೋಡಿಸಿದ ತಟ್ಟೆಯಿಂದ ಬೇಡ, ಆಗಷ್ಟೇ ಬಿಚ್ಚಿದ ಐಸು ಪೆಟ್ಟಿಗೆಯಿಂದ ಕಣ್ಣುಮುಚ್ಚಿ ತೆಗೆದಂತೆ ತೆಗೆಯಿರಿ. ಹೆಚ್ಚಿನವರ ಲೆಕ್ಕ ಕೆಡುವುದು ಇಲ್ಲೇ. ಐಸಿನ ನೀರನ್ನು ಬಟ್ಟೆಯಿಂದ ಒರೆಸಿ ತೂಗಿ, ಮೂತಿಯಿಂದ ಬಾಲದ ಕವಲಿನ ಒಳತುದಿಯವರೆಗೆ ಮಿಲಿಮೀಟರಿನಲ್ಲಿ ಅಳೆಯಿರಿ, ಏಕೆಂದರೆ ಬಾಲದ ತುದಿ ಹೆಚ್ಚಾಗಿ ಮುರಿದಿರುತ್ತದೆ. ಗುದದಿಂದ ಕಿವಿರಿನವರೆಗೆ ಕತ್ತರಿಯಲ್ಲಿ ಸೀಳಿ. ಗಾಬೋಳಿ, ಅಂದರೆ ಮೊಟ್ಟೆಚೀಲ, ಹಳದಿಯಾಗಿ ಕಾಳುಕಾಳು ಕಂಡರೆ ಬಲಿತಿದೆ. ಕಾಳು ಪಾರದರ್ಶಕವಾಗಿ, ಹೊಟ್ಟೆ ಒತ್ತಿದರೆ ಹೊರಬರುವಂತಿದ್ದರೆ ಇಂದೋ ನಾಳೆಯೋ ಇಡುವುದಿತ್ತು. ಕೆಂಪಗೆ ಜೋಲಾಗಿ ಖಾಲಿ ಚೀಲದಂತಿದ್ದರೆ ಇಟ್ಟಾಗಿದೆ. ಚೀಲವನ್ನು ಬೇರೆ ತೂಗಿ, ಮೀನಿನ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿ. 150 ಗ್ರಾಮಿನ ಮೀನಿನಲ್ಲಿ 9 ಗ್ರಾಮ್ ಗಾಬೋಳಿ ಇದ್ದರೆ ಅಂಕಿ 6. ಹೆಣ್ಣುಗಳ ಸರಾಸರಿ ಮಾತ್ರ ತೆಗೆದು ವಾರವಾರ ಗೆರೆ ಎಳೆಯಿರಿ. ಗೆರೆ ಏರಿ ಥಟ್ಟನೆ ಬಿದ್ದ ವಾರವೇ ಮೊಟ್ಟೆ ಇಟ್ಟ ಕಾಲ.

ಫ್ರೀಜರಿನಲ್ಲಿಟ್ಟ ಮೀನು ತೂಕವನ್ನೂ ಉದ್ದವನ್ನೂ ಕಳೆದುಕೊಳ್ಳುತ್ತದೆ, ಅದನ್ನು ತೆಗೆದುಕೊಳ್ಳಬೇಡಿ. ಮಾರಿದ ತಾರೀಖಲ್ಲ, ಹಿಡಿದ ತಾರೀಖು ಬೇಕು. ದೊಡ್ಡ ಬೋಟು ಹಲವು ದಿನ ಕಡಲಲ್ಲಿದ್ದು ಬರುವುದರಿಂದ ವ್ಯಾಪಾರಿಯನ್ನು ಯಾವ ಬಂದರು, ಯಾವ ಬಲೆ, ಎಷ್ಟು ದಿನದ ಐಸು ಎಂದು ಕೇಳಿ ಪಕ್ಕದಲ್ಲಿ ಬರೆದಿಡಿ. ಜೂನ್, ಜುಲೈಯಲ್ಲಿ ಸಿಗುವುದು ನಾಡದೋಣಿಯ ದಡದ ಮೀನು ಅಥವಾ ಪೂರ್ವ ಕರಾವಳಿಯಿಂದ ಲಾರಿಯಲ್ಲಿ ಬಂದದ್ದು. ಲಾರಿಯದನ್ನು ಬಿಟ್ಟು ದಡದ ಮೀನನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಆಗಸ್ಟಿನ ಟ್ರಾಲ್ ಮೀನಿನೊಂದಿಗೆ ಅದನ್ನು ಸೇರಿಸಿದರೆ ಗೆರೆಯಲ್ಲಿ ಕಾಣುವ ಏರಿಳಿತ ಮೀನಿನದೋ ಬಲೆಯದೋ ಹೇಳಲಾಗುವುದಿಲ್ಲ.